ಕಡಲೆ ಬಿತ್ತನೆ: ಕಾಳಿನ ಗಾತ್ರ ಮತ್ತು ತಳಿಯ ಗುಣ ಅರಿತು ಬೀಜ ಆರಿಸುವ ಕ್ರಮ

ನವಲಗುಂದ, ಅಣ್ಣಿಗೇರಿ, ನರಗುಂದ, ರೋಣ ತಾಲ್ಲೂಕುಗಳ ಎರೆ ಹೊಲಗಳಲ್ಲಿ ಹಸ್ತ, ಚಿತ್ತಾ ಮಳೆಗಳ ಹದ ನೋಡಿ ಕಡಲೆ ಬಿತ್ತುವ ರೈತರು ಬೀಜ ಕೊಳ್ಳುವಾಗ ಮೊದಲು ಮಾಡುವ ಕೆಲಸವೆಂದರೆ ಒಂದು ಹಿಡಿ ಕಾಳನ್ನು ಅಂಗೈಯಲ್ಲಿ ಹರಡಿಕೊಂಡು ಅದರ ದಪ್ಪ ನೋಡುವುದು. ಕಾಳು ದಪ್ಪವಿದ್ದರೆ ಬೀಜ ಒಳ್ಳೆಯದು, ಬೀಜ ಒಳ್ಳೆಯದಿದ್ದರೆ ಇಳುವರಿ ಹೆಚ್ಚು ಎಂಬ ನಂಬಿಕೆ ಈ ಭಾಗದಲ್ಲಿ ಗಟ್ಟಿಯಾಗಿದೆ. ಈ ನಂಬಿಕೆಯಲ್ಲಿ ಸ್ವಲ್ಪ ಸತ್ಯವಿದೆ, ಆದರೆ ಎರಡು ಬೇರೆ ಬೇರೆ ಪ್ರಶ್ನೆಗಳು ಅದರಲ್ಲಿ ಕಲಸಿಹೋಗಿವೆ. ಒಂದೇ ತಳಿಯ ಚೀಲದಲ್ಲಿರುವ ದಪ್ಪ ಕಾಳಿಗೂ ಸಣ್ಣ ಕಾಳಿಗೂ ಇರುವ ವ್ಯತ್ಯಾಸ ಒಂದು ಪ್ರಶ್ನೆ. ದಪ್ಪ ಕಾಳಿನ ತಳಿಗೂ ಸಣ್ಣ ಕಾಳಿನ ತಳಿಗೂ ಇರುವ ವ್ಯತ್ಯಾಸ ಇನ್ನೊಂದು ಪ್ರಶ್ನೆ. ಮೊದಲನೆಯದು ಮೊಳಕೆಯ ಶಕ್ತಿಗೆ ಸಂಬಂಧಿಸಿದ್ದು, ಎರಡನೆಯದು ವಂಶವಾಹಿಗಳಿಗೆ ಸಂಬಂಧಿಸಿದ್ದು. ಇವೆರಡನ್ನೂ ಬೇರ್ಪಡಿಸಿ ನೋಡಲು ಕಲಿತವರು ಬೀಜಕ್ಕೆ ಹಾಕುವ ಹಣವನ್ನೂ ಹೊಲದಲ್ಲಿ ನಿಲ್ಲುವ ಸಸಿಗಳನ್ನೂ ಸರಿಯಾಗಿ ಲೆಕ್ಕ ಹಾಕಬಲ್ಲರು.

ಒಂದೇ ತಳಿಯಲ್ಲಿ ದಪ್ಪ ಮತ್ತು ಸಣ್ಣ ಕಾಳು

ಕಡಲೆ ಸ್ವಕೀಯ ಪರಾಗಸ್ಪರ್ಶದ ಬೆಳೆ. ಹೂವು ಅರಳುವ ಮೊದಲೇ ಅದರೊಳಗೆ ಪರಾಗಸ್ಪರ್ಶ ಮುಗಿದಿರುತ್ತದೆ. ಬೇರೆ ಗಿಡದ ಪರಾಗ ಬಂದು ಸೇರುವುದು ತೀರ ಅಪರೂಪ. ಆದ್ದರಿಂದ ಶುದ್ಧವಾಗಿ ಕಾಯ್ದುಕೊಂಡು ಬಂದ ಒಂದು ತಳಿಯ ಎಲ್ಲ ಗಿಡಗಳೂ ಆನುವಂಶಿಕವಾಗಿ ಹೆಚ್ಚು ಕಡಿಮೆ ಒಂದೇ ಆಗಿರುತ್ತವೆ. ಹಾಗಿದ್ದರೂ ಒಂದೇ ಗಿಡದಲ್ಲಿ ಕೆಲವು ಕಾಳು ದಪ್ಪ, ಕೆಲವು ಸಣ್ಣ ಆಗುವುದೇಕೆ? ಮೊದಲು ಕಟ್ಟಿದ ಕಾಯಿಗಳಿಗೆ ಭೂಮಿಯ ತೇವ ಇನ್ನೂ ಇರುವಾಗಲೇ ಆಹಾರ ಸಿಗುತ್ತದೆ. ಕೊನೆಯಲ್ಲಿ, ಕೊಂಬೆಯ ತುದಿಯಲ್ಲಿ ಕಟ್ಟಿದ ಕಾಯಿಗಳ ಪಾಲಿಗೆ ತೇವ ಮುಗಿದಿರುತ್ತದೆ, ಬಿಸಿಲು ಏರಿರುತ್ತದೆ. ಬದುವಿನ ಪಕ್ಕದ ಗಿಡಕ್ಕೆ, ಸಾಲಿನಲ್ಲಿ ಸಸಿ ಸತ್ತು ಜಾಗ ಬಿಟ್ಟ ಕಡೆಯ ಗಿಡಕ್ಕೆ ಹೆಚ್ಚು ಬೆಳಕು, ಹೆಚ್ಚು ನೀರು ದೊರೆತು ಕಾಳು ತುಂಬಿಕೊಳ್ಳುತ್ತದೆ. ಈ ವ್ಯತ್ಯಾಸಗಳು ನೆಲ, ನೀರು, ಜಾಗ ಇವುಗಳಿಂದ ಬಂದವು. ಇವು ಮುಂದಿನ ಪೀಳಿಗೆಗೆ ದಾಟುವುದಿಲ್ಲ.

ಈ ಮಾತನ್ನು ಮೊದಲು ಖಚಿತವಾಗಿ ತೋರಿಸಿಕೊಟ್ಟವರು ಡೆನ್ಮಾರ್ಕಿನ ಸಸ್ಯವಿಜ್ಞಾನಿ ವಿಲ್‌ಹೆಲ್ಮ್ ಯೋಹಾನ್ಸೆನ್. ಅವರು ಬೀನ್ಸ್ ಬೆಳೆಯಲ್ಲಿ ಒಂದೊಂದೇ ಗಿಡದ ಸಂತತಿಯನ್ನು ಬೇರೆ ಬೇರೆಯಾಗಿ ಬೆಳೆಸಿ, ಪ್ರತಿ ಸಂತತಿಯೊಳಗೆ ದಪ್ಪ ಬೀಜವನ್ನೂ ಸಣ್ಣ ಬೀಜವನ್ನೂ ಆರಿಸಿ ಮತ್ತೆ ಬಿತ್ತಿದರು. ಒಂದೇ ಶುದ್ಧ ಸಂತತಿಯ ದಪ್ಪ ಬೀಜದಿಂದ ಬಂದ ಗಿಡಗಳೂ ಸಣ್ಣ ಬೀಜದಿಂದ ಬಂದ ಗಿಡಗಳೂ ಸರಾಸರಿಯಲ್ಲಿ ಒಂದೇ ತೂಕದ ಬೀಜ ಕೊಟ್ಟವು. ಆದರೆ ಒಂದು ಸಂತತಿಗೂ ಇನ್ನೊಂದಕ್ಕೂ ಇದ್ದ ವ್ಯತ್ಯಾಸ ಮಾತ್ರ ಹಾಗೆಯೇ ಉಳಿಯಿತು. 1903ರಲ್ಲಿ ಪ್ರಕಟವಾದ ಈ ಪ್ರಯೋಗವೇ ಶುದ್ಧ ಸಂತತಿಯ ಸಿದ್ಧಾಂತಕ್ಕೆ ತಳಹದಿಯಾಯಿತು. ನಮ್ಮ ಕಡಲೆ ಹೊಲಕ್ಕೆ ಇದರ ಅರ್ಥ ನೇರವಾಗಿದೆ. ಅಣ್ಣಿಗೇರಿ-1 ತಳಿಯ ರಾಶಿಯಿಂದ ಪ್ರತಿ ವರ್ಷ ದಪ್ಪ ಕಾಳನ್ನೇ ಆರಿಸಿ ಎಷ್ಟು ವರ್ಷ ಬಿತ್ತಿದರೂ ಅಣ್ಣಿಗೇರಿ-1 ದಪ್ಪ ಕಾಳಿನ ತಳಿಯಾಗಿ ಮಾರ್ಪಡುವುದಿಲ್ಲ.

ಹಾಗಾದರೆ ಬೀಜವನ್ನು ಜರಡಿ ಹಿಡಿಯುವುದು ವ್ಯರ್ಥವೇ? ಖಂಡಿತ ಅಲ್ಲ. ಕಡಲೆಯ ಮೊಳಕೆಯಲ್ಲಿ ಬೇಳೆಗಳು ಮಣ್ಣಿನೊಳಗೇ ಉಳಿದು, ಕುಡಿಯೊಂದೇ ಮೇಲಕ್ಕೆ ಬರುತ್ತದೆ. ಎಲೆ ಬಿಚ್ಚಿಕೊಂಡು ತಾನೇ ಆಹಾರ ತಯಾರಿಸುವವರೆಗೆ ಸಸಿಗೆ ಆ ಎರಡು ಬೇಳೆಗಳೇ ದಾರಿಯ ಬುತ್ತಿ. ಎರೆ ಭೂಮಿಯಲ್ಲಿ ಮೇಲ್ಮಣ್ಣು ಬೇಗ ಆರುತ್ತದೆ. ಹದ ತಪ್ಪುತ್ತಿದೆ ಎಂದಾಗ ತೇವ ಸಿಗುವವರೆಗೆ ಕೂರಿಗೆಯನ್ನು ಆಳಕ್ಕೆ ಇಳಿಸಬೇಕಾಗುತ್ತದೆ. ಅಂಥ ಆಳದಿಂದ ಮೇಲೆದ್ದು ಬರುವ ಶಕ್ತಿ ತುಂಬಿದ ಕಾಳಿಗೆ ಹೆಚ್ಚು, ಸುಕ್ಕಿದ ಜೊಳ್ಳು ಕಾಳಿಗೆ ಕಡಿಮೆ. ಬೇರು ಬೇಗ ಇಳಿಯುವುದು, ಮೊದಲ ಎಲೆಗಳು ಅಗಲವಾಗಿರುವುದು, ಸಾಲು ಸಮನಾಗಿ ಕಾಣುವುದು, ಇವೆಲ್ಲ ಈ ಬುತ್ತಿಯಿಂದ ಬಂದ ಲಾಭಗಳು. ಆದರೆ ಈ ಮುನ್ನಡೆ ರಾಶಿಯವರೆಗೂ ಉಳಿಯುತ್ತದೆ ಎಂದು ಎಣಿಸಬಾರದು. ಸಸಿಗಳ ಸಂಖ್ಯೆ ಒಂದೇ ಆಗಿದ್ದರೆ, ಮಧ್ಯಮ ಗಾತ್ರದ ಕಾಳಿನಿಂದ ಬಂದ ಗಿಡ ಕೆಲವು ವಾರಗಳಲ್ಲಿ ದಪ್ಪ ಕಾಳಿನ ಗಿಡವನ್ನು ಬಹುಮಟ್ಟಿಗೆ ಸರಿಗಟ್ಟುತ್ತದೆ. ಇಳುವರಿಯಲ್ಲಿ ನಿಜವಾದ ನಷ್ಟವಾಗುವುದು ಸಣ್ಣ ಬೀಜ ಹುಟ್ಟದೆ ಸಾಲಿನಲ್ಲಿ ಜಾಗ ಖಾಲಿ ಬಿದ್ದಾಗ.

ಆದ್ದರಿಂದ ಜರಡಿಯ ಉದ್ದೇಶ ಅತ್ಯಂತ ದಪ್ಪ ಕಾಳನ್ನು ಮಾತ್ರ ಉಳಿಸಿಕೊಳ್ಳುವುದಲ್ಲ, ಸಣ್ಣ, ಸುಕ್ಕಿದ, ಒಡೆದ, ನುಸಿ ತೂತು ಮಾಡಿದ ಕಾಳನ್ನು ಹೊರಗೆ ಹಾಕುವುದು. ಒಂದು ಕಿಲೋ ಮಾದರಿಯನ್ನು ಎರಡು ಮೂರು ಅಳತೆಯ ಜರಡಿಗಳಲ್ಲಿ ಆಡಿಸಿ ನೋಡಿ, ತೂಕದಲ್ಲಿ ಸುಮಾರು ಶೇ 15ರಿಂದ 20ರಷ್ಟು ಮಾತ್ರ ಕೆಳಗೆ ಬೀಳುವ ಜರಡಿಯನ್ನು ಆರಿಸಿಕೊಳ್ಳುವುದು ನನ್ನ ಅಭಿಪ್ರಾಯದಲ್ಲಿ ಸಾಕು. ಅರ್ಧಕ್ಕರ್ಧ ಕಾಳನ್ನು ತೆಗೆದುಹಾಕಿದರೆ ಬೀಜದ ಖರ್ಚು ಏರುತ್ತದೆಯೇ ಹೊರತು ಅದಕ್ಕೆ ತಕ್ಕ ಫಲ ಸಿಗುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮನೆಯ ಬೀಜದಲ್ಲಿ ಎರಡು ತಳಿಗಳು ಬೆರೆತಿದ್ದರೆ ಜರಡಿ ಬೇರೆಯದೇ ಕೆಲಸ ಮಾಡುತ್ತದೆ. ಅಣ್ಣಿಗೇರಿ-1ಕ್ಕಿಂತ ಜೆಜಿ-11ರ ಕಾಳು ತುಸು ದಪ್ಪ. ಇವೆರಡೂ ಬೆರೆತ ರಾಶಿಯನ್ನು ವರ್ಷ ವರ್ಷ ಜರಡಿ ಹಿಡಿಯುತ್ತ ಹೋದರೆ ಒಂದು ತಳಿ ಕಡಿಮೆಯಾಗಿ ಇನ್ನೊಂದು ತಳಿ ಹೆಚ್ಚುತ್ತದೆ. ನೋಡುವವರಿಗೆ ಬೀಜ ಸುಧಾರಿಸಿದಂತೆ ಕಾಣುತ್ತದೆ, ಆದರೆ ಅಲ್ಲಿ ಆಗಿರುವುದು ತಳಿ ಬದಲಾವಣೆ.

ತಳಿಯಿಂದ ತಳಿಗೆ ಬದಲಾಗುವ ಗಾತ್ರ

100 ಕಾಳಿನ ತೂಕ ಎಂಬುದು ತಳಿಯ ಗುರುತುಗಳಲ್ಲಿ ಬಹಳ ನಂಬಬಹುದಾದ ಗುರುತು. ಅಣ್ಣಿಗೇರಿ-1ರಲ್ಲಿ ಇದು 20 ಗ್ರಾಂ ಆಸುಪಾಸು, ಜೆಜಿ-11ರಲ್ಲಿ 22 ಗ್ರಾಂ ಆಸುಪಾಸು ಬರುತ್ತದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಬಿಜಿಡಿ-103 ದೇಸಿ ಕಡಲೆಯಲ್ಲೇ ದಪ್ಪ ಕಾಳಿನದು. ಕಾಬೂಲಿ ಗುಂಪಿನ ಕೆಎಕೆ-2 ತಳಿಯಲ್ಲಿ ತೂಕ 38 ಗ್ರಾಂವರೆಗೆ ಹೋಗುತ್ತದೆ. ಬರ ಬಿದ್ದ ವರ್ಷ ಎಲ್ಲ ತಳಿಗಳ ಕಾಳೂ ಸಣ್ಣಗಾಗುತ್ತದೆ, ಆದರೆ ತಳಿಗಳ ನಡುವಿನ ಕ್ರಮ ಬಹುತೇಕ ಹಾಗೆಯೇ ಉಳಿಯುತ್ತದೆ. ಕಾಳಿನ ಗಾತ್ರ ಹೆಚ್ಚಿನ ಮಟ್ಟಿಗೆ ವಂಶವಾಹಿಗಳ ಹಿಡಿತದಲ್ಲಿರುವುದೇ ಇದಕ್ಕೆ ಕಾರಣ.

ಇಳುವರಿ ಹಾಗಲ್ಲ. ಅದರ ಮೇಲೆ ಚಿಕ್ಕ ಚಿಕ್ಕ ಪ್ರಭಾವದ ಅನೇಕ ವಂಶವಾಹಿಗಳು ಸೇರಿ ಕೆಲಸ ಮಾಡುತ್ತವೆ, ಮಣ್ಣು ಮತ್ತು ಹವಾಮಾನ ಅವುಗಳ ಪರಿಣಾಮವನ್ನು ಹಿಗ್ಗಿಸುತ್ತವೆ ಅಥವಾ ಕುಗ್ಗಿಸುತ್ತವೆ. ಒಂದು ಊರಿನಲ್ಲಿ ಮೇಲುಗೈ ಪಡೆದ ತಳಿ ಇನ್ನೊಂದು ಊರಿನಲ್ಲಿ ಹಿಂದೆ ಬೀಳುವುದು ಇದರಿಂದಲೇ. ಆದ್ದರಿಂದ ಕಣ್ಣಿಗೆ ಸುಲಭವಾಗಿ ಕಾಣುವ ಕಾಳಿನ ಗಾತ್ರವನ್ನು ಕಣ್ಣಿಗೆ ಕಾಣದ ಇಳುವರಿ ಶಕ್ತಿಯ ಅಳತೆಗೋಲಾಗಿ ಬಳಸುವುದು ತಪ್ಪು ದಾರಿ.

ಒಂದು ಸರಳ ಲೆಕ್ಕ ಇದನ್ನು ಸ್ಪಷ್ಟಪಡಿಸುತ್ತದೆ. ಇಳುವರಿ ಎಂದರೆ ಒಂದು ಚದರ ಮೀಟರಿನಲ್ಲಿರುವ ಗಿಡಗಳು, ಗಿಡಕ್ಕೆ ಕಾಯಿಗಳು, ಕಾಯಿಗೆ ಕಾಳುಗಳು, ಕಾಳಿನ ತೂಕ, ಈ ನಾಲ್ಕರ ಗುಣಲಬ್ಧ. ಚದರ ಮೀಟರಿಗೆ 25 ಗಿಡ, ಗಿಡಕ್ಕೆ 25 ಕಾಯಿ, ಹತ್ತು ಕಾಯಿಗೆ 11 ಕಾಳು, ಕಾಳಿಗೆ 0.20 ಗ್ರಾಂ ಎಂದಿಟ್ಟುಕೊಂಡರೆ 137 ಗ್ರಾಂ ಬರುತ್ತದೆ; ಇದು ಎಕರೆಗೆ ಸುಮಾರು 5.5 ಕ್ವಿಂಟಾಲ್. ಕಾಳಿನ ತೂಕ 0.38 ಗ್ರಾಂ ಇರುವ ಕಾಬೂಲಿ ತಳಿಯಲ್ಲಿ ಕಾಯಿಗೆ ಒಂದೇ ಕಾಳು ಎಂದು ಹಿಡಿದರೂ, ಗಿಡಕ್ಕೆ 14 ಅಥವಾ 15 ಕಾಯಿ ಕಟ್ಟಿದರೆ ಅಷ್ಟೇ ಇಳುವರಿ ಸಿಗುತ್ತದೆ. ಗಿಡ ತಯಾರಿಸುವ ಆಹಾರಕ್ಕೆ ಮಿತಿಯಿದೆ. ಅದನ್ನು ಕೆಲವೇ ದಪ್ಪ ಕಾಳುಗಳಿಗೆ ಹಂಚಬಹುದು ಅಥವಾ ಹಲವು ಸಣ್ಣ ಕಾಳುಗಳಿಗೆ ಹಂಚಬಹುದು. ಅದರಲ್ಲಿಯೂ ಮಳೆ ನಿಂತ ಮೇಲೆ ಮಣ್ಣಿನಲ್ಲಿ ಉಳಿದ ತೇವವನ್ನೇ ನಂಬಿ ಬೆಳೆಯುವ ನಮ್ಮ ಹಿಂಗಾರು ಕಡಲೆಗೆ ಈ ಮಿತಿ ಬಹಳ ಬಿಗಿಯಾದದ್ದು. ತೇವ ಮುಗಿಯುವ ಮೊದಲು ಮಾಗುವ ಗುಣ, ಆಳಕ್ಕಿಳಿಯುವ ಬೇರು, ಸೊರಗು ರೋಗ ತಡೆಯುವ ಶಕ್ತಿ, ಈ ಮೂರೂ ಕಾಳಿನ ದಪ್ಪಕ್ಕಿಂತ ಇಳುವರಿಯ ಮೇಲೆ ಹೆಚ್ಚು ಅಧಿಕಾರ ನಡೆಸುತ್ತವೆ.

ಬೇರಿನ ವಿಷಯದಲ್ಲಿ ಒಂದು ಸ್ವಾರಸ್ಯಕರ ಸಂಗತಿಯನ್ನು ಹೇಳಲೇಬೇಕು. ಕಡಲೆಯಲ್ಲಿ ಎಂಟು ಜೋಡಿ ವರ್ಣತಂತುಗಳಿವೆ. ಅದರ ಇಡೀ ವಂಶವಾಹಿ ನಕ್ಷೆ 2013ರಲ್ಲಿ ಪ್ರಕಟವಾಯಿತು. ಬರ ತಾಳುವ ಐಸಿಸಿ 4958 ಎಂಬ ತಳಿಮೂಲವನ್ನು ಪರಿಶೀಲಿಸಿದಾಗ ನಾಲ್ಕನೆಯ ವರ್ಣತಂತುವಿನ ಒಂದೇ ಭಾಗದಲ್ಲಿ ಬೇರಿನ ಗುಣಗಳಿಗೂ 100 ಕಾಳಿನ ತೂಕಕ್ಕೂ ಸಂಬಂಧಿಸಿದ ಅಂಶಗಳು ಹತ್ತಿರ ಹತ್ತಿರ ಇರುವುದು ಕಂಡುಬಂತು. ತಳಿ ಸಂಶೋಧಕರು ಈ ಭಾಗವನ್ನು ಬೇರೆ ತಳಿಗಳಿಗೆ ಸೇರಿಸುವ ಕೆಲಸ ಮಾಡುತ್ತಿದ್ದಾರೆ. ಗಾತ್ರ ಮತ್ತು ಬರ ಸಹಿಷ್ಣುತೆ ಕೆಲವೊಮ್ಮೆ ಜೊತೆಯಾಗಿ ಬರುವುದುಂಟು ಎಂಬುದಕ್ಕೆ ಇದು ಸಾಕ್ಷಿ. ಆದರೆ ಆ ಜೋಡಣೆ ಪ್ರಯೋಗಾಲಯದಲ್ಲಿ ಗುರುತಿಸಿ ಮಾಡಿದ್ದು, ಅಂಗೈಯಲ್ಲಿ ಕಾಳು ನೋಡಿ ಊಹಿಸಬಹುದಾದದ್ದಲ್ಲ.

ಸೊರಗು ರೋಗದ ಕಥೆ ನಮ್ಮ ನೆಲಕ್ಕೇ ಸೇರಿದ್ದು. ಅಣ್ಣಿಗೇರಿಯ ಹೆಸರನ್ನೇ ಹೊತ್ತ ಅಣ್ಣಿಗೇರಿ-1 ದಶಕಗಳ ಕಾಲ ಈ ಭಾಗದ ರೈತರ ಮನೆ ಬೆಳಗಿದ ತಳಿ. ಅದರ ರುಚಿ, ಹೊಂದಾಣಿಕೆ, ಅವಧಿ ಎಲ್ಲವೂ ಒಪ್ಪುವಂಥವು. ಆದರೆ ಫ್ಯುಸೇರಿಯಂ ಶಿಲೀಂಧ್ರದಿಂದ ಬರುವ ಸೊರಗು ರೋಗಕ್ಕೆ ಅದು ಸುಲಭವಾಗಿ ತುತ್ತಾಗುತ್ತದೆ, ಮತ್ತು ಈ ಶಿಲೀಂಧ್ರ ಒಮ್ಮೆ ಹೊಲಕ್ಕೆ ಬಂದರೆ ಹಲವು ವರ್ಷ ಮಣ್ಣಿನಲ್ಲಿ ಬದುಕಿರುತ್ತದೆ. ರಾಯಚೂರು ಕೃಷಿ ವಿಶ್ವವಿದ್ಯಾಲಯ ಮತ್ತು ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಯಾದ ಇಕ್ರಿಸ್ಯಾಟ್ ಸೇರಿ, ಡಬ್ಲ್ಯುಆರ್-315 ಎಂಬ ಮೂಲದಿಂದ ರೋಗನಿರೋಧಕ ಗುಣವನ್ನು ಮಾತ್ರ ಆರಿಸಿ ತಂದು, ಉಳಿದ ಗುಣಗಳು ಅಣ್ಣಿಗೇರಿಯವೇ ಇರುವಂತೆ ಮತ್ತೆ ಮತ್ತೆ ಅಣ್ಣಿಗೇರಿಯೊಂದಿಗೇ ಸಂಕರಿಸಿ ಸೂಪರ್ ಅಣ್ಣಿಗೇರಿ-1 ತಳಿಯನ್ನು ರೂಪಿಸಿದವು. ಕಾಳಿನ ಗಾತ್ರ ಬಹುತೇಕ ಹಳೆಯದೇ. ಇಳುವರಿ ಹೆಚ್ಚಿದ್ದು ಸಾಯದೆ ಉಳಿದ ಗಿಡಗಳಿಂದ. ತಳಿಯ ಗುಣ ಇಳುವರಿಗೆ ಹೇಗೆ ನೆರವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋರುವುದಿಲ್ಲ.

ತಳಿ ಆರಿಸುವಾಗ ಹೀಗೆ ಮುಂದುವರಿಯಿರಿ. ಹೊಲದಲ್ಲಿ ಹಿಂದಿನ ವರ್ಷಗಳಲ್ಲಿ ಗಿಡಗಳು ಸೊರಗಿ ಒಣಗಿದ್ದರೆ ರೋಗ ತಡೆಯುವ ತಳಿಯನ್ನೇ ಹಿಡಿಯಿರಿ. ಜೆಜಿ-11 ಮತ್ತು ಸೂಪರ್ ಅಣ್ಣಿಗೇರಿ-1 ಈ ಸಾಲಿಗೆ ಸೇರುತ್ತವೆ. ಕಟಾವು ಯಂತ್ರದಿಂದ ಕೊಯ್ಯುವ ವಿಚಾರವಿದ್ದರೆ ಎತ್ತರವಾಗಿ, ನೆಟ್ಟಗೆ ಬೆಳೆಯುವ, ನೆಲದಿಂದ ಮೇಲೆ ಕಾಯಿ ಕಟ್ಟುವ ಎನ್‌ಬಿಇಜಿ-47 ಅಥವಾ ಜಿಬಿಎಂ-2 ತರಹದ ತಳಿ ಬೇಕು. ಮಾರುಕಟ್ಟೆಯಲ್ಲಿ ದಪ್ಪ ಕಾಳಿಗೆ ಹೆಚ್ಚಿನ ದರ ಖಚಿತವಾಗಿ ಸಿಗುವುದಾದರೆ ಮಾತ್ರ ದಪ್ಪ ಕಾಳಿನ ತಳಿಯ ಕಡೆ ಹೋಗಿ. ಆಗಲೂ ಮುಂದೆ ಹೇಳುವ ಬೀಜದ ಲೆಕ್ಕವನ್ನು ಮೊದಲು ಮಾಡಿಕೊಳ್ಳಿ.

ಕಿಲೋ ಲೆಕ್ಕ ಬಿಟ್ಟು ಕಾಳಿನ ಲೆಕ್ಕ

ಎಲ್ಲ ತಳಿಗಳಿಗೂ ಎಕರೆಗೆ ಒಂದೇ ತೂಕದ ಬೀಜ ಹಾಕುವ ರೂಢಿಯಿಂದ ಆಗುವಷ್ಟು ನಷ್ಟ ಕಾಳಿನ ಗಾತ್ರದ ವಿಷಯದಲ್ಲಿ ಬೇರೆ ಯಾವುದರಿಂದಲೂ ಆಗುವುದಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. 25 ಕಿಲೋ ಬೀಜದಲ್ಲಿ, 100 ಕಾಳಿಗೆ 20 ಗ್ರಾಂ ತೂಗುವ ತಳಿಯಾದರೆ 1,25,000 ಕಾಳುಗಳಿರುತ್ತವೆ. 27 ಗ್ರಾಂ ತೂಗುವ ತಳಿಯಾದರೆ ಸುಮಾರು 92,600 ಮಾತ್ರ. ಅಂದರೆ ದಪ್ಪ ಕಾಳಿನ ತಳಿ ಬಿತ್ತಿದವರ ಹೊಲದಲ್ಲಿ ಕಾಲು ಭಾಗ ಸಸಿ ಆರಂಭದಲ್ಲಿಯೇ ಕಡಿಮೆ. ಕೊನೆಗೆ ಇಳುವರಿ ಕಡಿಮೆ ಬಂದಾಗ ದೂರು ತಳಿಯ ಮೇಲೆ ಬರುತ್ತದೆ.

ಲೆಕ್ಕ ಮಾಡುವ ಬಗೆ ಇದು. ಮೊದಲು ಚೀಲದ ಮೇಲಿನಿಂದ, ನಡುವಿನಿಂದ, ಕೆಳಗಿನಿಂದ ಕಾಳು ತೆಗೆದು ಕಲಸಿ, ಆರಿಸದೆ ಬಂದದ್ದು ಬಂದ ಹಾಗೆ 100 ಕಾಳು ಎಣಿಸಿ ತೂಗಬೇಕು. ಚಿನ್ನಬೆಳ್ಳಿ ಅಂಗಡಿಯ ತಕ್ಕಡಿ ಇದಕ್ಕೆ ಒಳ್ಳೆಯದು. ಹೀಗೆ ನಾಲ್ಕು ಸಲ ತೂಗಿ ಸರಾಸರಿ ತೆಗೆಯಬೇಕು. ನಂತರ ಮೊಳಕೆ ಪರೀಕ್ಷೆ: ನೂರು ನೂರು ಕಾಳುಗಳ ನಾಲ್ಕು ಗುಂಪುಗಳನ್ನು ಒದ್ದೆಯಾದ ಗೋಣಿತಾಟಿನಲ್ಲಿ ಸಾಲಾಗಿ ಇಟ್ಟು ಸುತ್ತಿ, ತೇವ ಆರದಂತೆ ನೆರಳಿನಲ್ಲಿಟ್ಟು, ಎಂಟನೆಯ ದಿನ ಬೇರು ಮತ್ತು ಕುಡಿ ಎರಡೂ ಸರಿಯಾಗಿ ಬಂದ ಸಸಿಗಳನ್ನು ಮಾತ್ರ ಎಣಿಸಬೇಕು. ಪ್ರಮಾಣಿತ ಬೀಜಕ್ಕೆ ಕನಿಷ್ಠ ಶೇ 85 ಮೊಳಕೆ ಇರಬೇಕೆಂಬ ನಿಯಮವಿದೆ. ಮನೆಯ ಬೀಜಕ್ಕೂ ಅದನ್ನೇ ಅಳತೆಯಾಗಿ ಇಟ್ಟುಕೊಳ್ಳುವುದು ಒಳ್ಳೆಯದು.

ಸಾಲಿನಿಂದ ಸಾಲಿಗೆ 30 ಸೆಂ.ಮೀ., ಗಿಡದಿಂದ ಗಿಡಕ್ಕೆ 10 ಸೆಂ.ಮೀ. ಅಂತರವಿಟ್ಟರೆ ಎಕರೆಗೆ ಸುಮಾರು 1,35,000 ಗಿಡಗಳು ಹಿಡಿಯುತ್ತವೆ. ಈ ಸಂಖ್ಯೆಯನ್ನು 100 ಕಾಳಿನ ತೂಕದಿಂದ ಗುಣಿಸಿ 1,00,000ದಿಂದ ಭಾಗಿಸಿದರೆ ಒಂದೂ ಕಾಳು ವ್ಯರ್ಥವಾಗದಿದ್ದಾಗ ಬೇಕಾಗುವ ಕಿಲೋ ಸಿಗುತ್ತದೆ: 20 ಗ್ರಾಂ ತಳಿಗೆ 27 ಕಿಲೋ, 22 ಗ್ರಾಂ ತಳಿಗೆ 29.7 ಕಿಲೋ, 38 ಗ್ರಾಂ ತಳಿಗೆ 51.3 ಕಿಲೋ. ಮೊಳಕೆ ಶೇ 90 ಇದ್ದು, ಮೊಳೆತವುಗಳಲ್ಲಿ ಶೇ 90 ಮಾತ್ರ ಹೊಲದಲ್ಲಿ ನಿಲ್ಲುತ್ತವೆ ಎಂದು ಹಿಡಿದು, ಈ ಅಂಕಿಗಳನ್ನು 0.81ರಿಂದ ಭಾಗಿಸಿದರೆ ಕ್ರಮವಾಗಿ ಸುಮಾರು 33, 37 ಮತ್ತು 63 ಕಿಲೋ ಆಗುತ್ತದೆ. ತೇವ ಕಡಿಮೆ ಇರುವ, ಆಳ ಕಡಿಮೆಯಾದ ಹೊಲಗಳಲ್ಲಿ ಸಾಲಿನ ಅಂತರ ಹೆಚ್ಚಿಸಿ ಗಿಡಗಳನ್ನು ಕಡಿಮೆ ಮಾಡುವವರು ತಮ್ಮ ಅಂತರಕ್ಕೆ ತಕ್ಕ ಸಂಖ್ಯೆ ಹಾಕಿಕೊಂಡು ಇದೇ ಲೆಕ್ಕ ಮಾಡಬಹುದು.

ಲೆಕ್ಕ ಕಾಗದದಲ್ಲಿ ಉಳಿಯಬಾರದು. ಕೂರಿಗೆ ಒಂದು ಸಾಲು ಹೋದ ಮೇಲೆ ಒಂದು ಮೀಟರ್ ಉದ್ದಕ್ಕೆ ಮಣ್ಣು ಕೆದಕಿ ಕಾಳು ಎಣಿಸಿ. ಮೇಲಿನ ಅಂತರಕ್ಕೆ ಮೀಟರಿಗೆ 12 ಅಥವಾ 13 ಕಾಳು ಸಿಗಬೇಕು. ದಪ್ಪ ಕಾಳು ಟ್ರ್ಯಾಕ್ಟರ್ ಕೂರಿಗೆಯ ರಂಧ್ರದಲ್ಲಿ ಸಿಕ್ಕಿಕೊಂಡು ಸಾಲು ಬಿಟ್ಟು ಹೋಗುವುದೂ ಒಡೆಯುವುದೂ ಉಂಟು, ಆದ್ದರಿಂದ ತಳಿ ಬದಲಿಸಿದಾಗಲೆಲ್ಲ ಈ ಪರೀಕ್ಷೆ ಮತ್ತೆ ಮಾಡಬೇಕು. ಕಾಬೂಲಿ ಕಾಳಿನ ಸಿಪ್ಪೆ ತೆಳು. ಅದು ಬೇಗ ಒಡೆಯುತ್ತದೆ, ಮಣ್ಣಿನಲ್ಲಿ ಬೇಗ ಕೊಳೆಯುತ್ತದೆ, ಹಾಗಾಗಿ ಬೀಜೋಪಚಾರವಿಲ್ಲದೆ ಅದನ್ನು ಬಿತ್ತಲೇಬಾರದು. ಕಾಳು ದಪ್ಪವಾದಷ್ಟೂ ಮೊಳೆಯಲು ಬೇಕಾಗುವ ನೀರೂ ಹೆಚ್ಚು ಎಂಬುದನ್ನು, ಹದ ಆರಿದ ಹೊಲದಲ್ಲಿ ದಪ್ಪ ಕಾಳಿನ ತಳಿ ಬಿತ್ತಲು ಹೊರಟವರು ಗಮನಿಸಬೇಕು. ಶಿಲೀಂಧ್ರನಾಶಕ ಬಳಸುವುದಾದರೆ ಅದನ್ನು ಮೊದಲು ಲೇಪಿಸಿ, ರೈಜೋಬಿಯಂ ಅಣುಜೀವಿ ಗೊಬ್ಬರವನ್ನು ಬಿತ್ತನೆಗೆ ಸ್ವಲ್ಪ ಮೊದಲು ಕೊನೆಯಲ್ಲಿ ಲೇಪಿಸಿ, ನೆರಳಿನಲ್ಲಿ ಆರಿಸಿ.

ಮುಂದಿನ ವರ್ಷದ ಬೀಜಕ್ಕೆ

ಕಡಲೆಯಲ್ಲಿ ಹತ್ತಿ, ಗೋವಿನಜೋಳಗಳಂತೆ ಪ್ರತಿ ವರ್ಷ ಹೈಬ್ರಿಡ್ ಬೀಜ ಕೊಳ್ಳುವ ಅಗತ್ಯವಿಲ್ಲ. ನೀಲಿ ಚೀಟಿಯ ಪ್ರಮಾಣಿತ ಬೀಜವನ್ನು ಒಮ್ಮೆ ತಂದರೆ, ಬೆರಕೆಯಾಗದಂತೆ ನೋಡಿಕೊಂಡು ಮೂರು ವರ್ಷ ಮನೆಯ ಬೀಜವನ್ನೇ ಬಳಸಬಹುದು. ಇದಕ್ಕಾಗಿ ಹೊಲದ ಒಂದು ಭಾಗವನ್ನು ಬೀಜಕ್ಕೆಂದೇ ಗುರುತು ಮಾಡಿ, ಬೇರೆ ತಳಿಯ ಕಡಲೆಯಿಂದ ಕನಿಷ್ಠ 5 ಮೀಟರ್ ದೂರ ಇರಿಸಿ. ಹೂ ಬಿಟ್ಟಾಗ ಒಮ್ಮೆ ಅಡ್ಡಾಡಿದರೆ ದೇಸಿ ತಳಿಯ ನಸುಗೆಂಪು ಹೂಗಳ ನಡುವೆ ಬಿಳಿ ಹೂವಿನ ಕಾಬೂಲಿ ಗಿಡ ತಾನಾಗಿ ಎದ್ದು ಕಾಣುತ್ತದೆ. ಅಂಥವನ್ನೂ, ಎತ್ತರ ಮತ್ತು ಎಲೆಯ ಬಣ್ಣದಲ್ಲಿ ಬೇರೆಯಾಗಿ ಕಾಣುವ ಗಿಡಗಳನ್ನೂ, ಸೊರಗಿದ ಗಿಡಗಳನ್ನೂ ಬೇರು ಸಹಿತ ಕಿತ್ತು ಹೊರಗೆ ಹಾಕಿ. ಮಾಗುವ ಹೊತ್ತಿಗೆ ಇನ್ನೊಮ್ಮೆ ಹೀಗೆಯೇ ನೋಡಿ.

ಒಳ್ಳೆಯ ಗಿಡ ಆರಿಸಬೇಕೆನ್ನುವವರು ರಾಶಿಯಲ್ಲಿ ಕಾಳು ಆರಿಸುವುದನ್ನು ಬಿಟ್ಟು ನಿಂತ ಬೆಳೆಯಲ್ಲಿ ಗಿಡ ಆರಿಸಬೇಕು. ಬದುವಿನ ಗಿಡ, ಸಸಿ ಸತ್ತ ಜಾಗದ ಪಕ್ಕದ ಗಿಡ, ಗೊಬ್ಬರದ ಗುಂಪಿ ಇದ್ದ ಜಾಗದ ಗಿಡ, ಇವನ್ನು ಬಿಡಿ. ಅವುಗಳ ಸೊಗಸು ಜಾಗದ್ದು. ಹೊಲದ ನಡುವೆ, ನಾಲ್ಕೂ ಕಡೆ ಗಿಡಗಳಿಂದ ಸುತ್ತುವರಿದಿದ್ದೂ ಹೆಚ್ಚು ಕಾಯಿ ಕಟ್ಟಿದ, ಅಕ್ಕಪಕ್ಕದವು ಸೊರಗಿದರೂ ತಾನು ನಿಂತ ಗಿಡವನ್ನು ಗುರುತು ಮಾಡಿ. ಹಳೆಯ ಬೆರಕೆ ಬೀಜದ ಹೊಲದಲ್ಲಿ ಇಂಥ ಆಯ್ಕೆಯಿಂದ ನಿಜವಾದ ಪ್ರಯೋಜನವಿದೆ, ಏಕೆಂದರೆ ಅಲ್ಲಿ ಗಿಡದಿಂದ ಗಿಡಕ್ಕೆ ಆನುವಂಶಿಕ ವ್ಯತ್ಯಾಸ ಇರುತ್ತದೆ. ಶುದ್ಧ ತಳಿಯ ಹೊಲದಲ್ಲಿ ಪ್ರಯೋಜನ ಅತ್ಯಲ್ಪ.

ಒಕ್ಕುವಾಗ ಯಂತ್ರದಲ್ಲಿ ಹಿಂದಿನ ರಾಶಿಯ ಕಾಳು ಉಳಿದಿಲ್ಲವೆಂದು ನೋಡಿಕೊಳ್ಳಿ. ತಳಿ ಬೆರಕೆಯಾಗುವುದು ಹೆಚ್ಚಾಗಿ ಇಲ್ಲಿಯೇ, ಹೂವಿನಲ್ಲಿ ಅಲ್ಲ. ಯಂತ್ರದ ವೇಗ ಹೆಚ್ಚಾದರೆ ಕಾಳಿಗೆ ಕಣ್ಣಿಗೆ ಕಾಣದ ಬಿರುಕು ಬಿದ್ದು ಮೊಳಕೆ ಕೆಡುತ್ತದೆ, ಅದರಲ್ಲೂ ದಪ್ಪ ಕಾಳಿಗೆ ಏಟು ಜೋರು. ಬೀಜವನ್ನು ತೇವಾಂಶ ಶೇ 9ಕ್ಕೆ ಇಳಿಯುವವರೆಗೆ ಒಣಗಿಸಿ, ಜರಡಿ ಹಿಡಿದು, ನುಸಿ ಹತ್ತದಂತೆ ಹೊಸ ಅಥವಾ ಶುಚಿಗೊಳಿಸಿದ ಚೀಲದಲ್ಲಿ ತುಂಬಿ, ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಯ ಮೇಲೆ ಇಡಿ. ತಳಿಯ ಹೆಸರು, ಬೆಳೆದ ವರ್ಷ, ಹೊಲದ ಗುರುತು, 100 ಕಾಳಿನ ತೂಕ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಚೀಲದ ಒಳಗೆ ಒಂದು, ಹೊರಗೆ ಒಂದು ಕಟ್ಟಿ. ಮುಂದಿನ ಹಿಂಗಾರಿಗೆ ಬಿತ್ತುವ ಎರಡು ವಾರ ಮೊದಲು ಮೊಳಕೆ ಪರೀಕ್ಷೆಯನ್ನು ಮತ್ತೆ ಮಾಡಿ, ಶೇ 85ಕ್ಕಿಂತ ಕಡಿಮೆ ಬಂದರೆ ಲೆಕ್ಕದ ಪ್ರಕಾರ ಬೀಜ ಹೆಚ್ಚಿಸಿ; ಶೇ 70ಕ್ಕಿಂತಲೂ ಇಳಿದಿದ್ದರೆ ಆ ಚೀಲವನ್ನು ಮಾರಾಟಕ್ಕೆ ಬಿಟ್ಟು ಬೇರೆ ಬೀಜ ತರಲು ಇನ್ನೂ ಸಮಯವಿರುತ್ತದೆ.